ಅಬಿಸ್ಕೊದಲ್ಲಿ ಹಕ್ಕಿ ನೋಡಲು ಯಾವ ಹೊತ್ತು?

ಪ್ರಶ್ನೆ: ಸ್ವೀಡನ್‌ನಲ್ಲಿರುವ ಮಗಳ ಮನೆಗೆ ಜೂನ್ ಮಧ್ಯದಲ್ಲಿ ಹೊರಟಿದ್ದೇವೆ. ಅಬಿಸ್ಕೊ ರಾಷ್ಟ್ರೀಯ ಉದ್ಯಾನದಲ್ಲಿ ಹಕ್ಕಿ ವೀಕ್ಷಣೆಗೆ ಎರಡು ದಿನವಿದೆ. ಬೆಳಗ್ಗೆ ಆರಕ್ಕೆ ಹೊರಟರೆ ಸಾಕೇ?

ಉತ್ತರ: ತಡವಾಯಿತು. ಆಗ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಾಡು ಜೋರಾಗಿರುವುದು ನಡುರಾತ್ರಿಯಿಂದ ನಾಲ್ಕರವರೆಗೆ. ಹಗಲಲ್ಲಿ ನಿದ್ದೆ ಮಾಡಿ.

ಮೊದಲ ರಾತ್ರಿ ಬರ್ಚ್ ಕಾಡಿನ ಒದ್ದೆ ಪೊದೆಗಳ ಬಳಿ ಕದಲದೆ ನಿಲ್ಲಿ. ನೀಲಿ ಕೊರಳ ನಡುವೆ ಕೆಂಗಂದು ಚುಕ್ಕೆಯ ಬ್ಲೂಥ್ರೋಟ್ ಪೊದೆಯ ತುದಿಗೇರಿ, ಬೇರೆ ಹಕ್ಕಿಗಳ ದನಿಯನ್ನೂ ಬೆರೆಸಿ ಹಾಡುತ್ತದೆ. ಸ್ಕ್ಯಾಂಡಿನೇವಿಯಾದ ಈ ಹಕ್ಕಿಗಳು ಚಳಿಗಾಲ ಕಳೆಯಲು ಭಾರತ ಉಪಖಂಡಕ್ಕೆ ಬರುತ್ತವೆ. ಇಲ್ಲಿ ಮಾತ್ರ ಜೊಂಡಿನೊಳಗೆ ಅವಿತ ಬಡಪಾಯಿ!

ಎರಡನೆಯ ದಿನ ನುಯೊಲ್ಯಾ ಬೆಟ್ಟ. ಮರಗಳು ಮುಗಿದ ಮೇಲೆ ಕಲ್ಲುಗಳ ನಡುವೆ ಕೋಳಿ ಜಾತಿಯ ರಾಕ್ ಟಾರ್ಮಿಗನ್, ಹೊನ್ನ ಚುಕ್ಕೆಯ ಗೋಲ್ಡನ್ ಪ್ಲೋವರ್ ಹಕ್ಕಿಗಳನ್ನು ಹುಡುಕಿ. ಪ್ಲೋವರ್ ಒಂದೇ ಸಮನೆ ಸಿಳ್ಳೆ ಹಾಕಿದರೆ ಮರಿ ಹತ್ತಿರವಿದೆ ಎಂದರ್ಥ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಉದ್ದ ಬಾಲದ ಕಡಲಹಕ್ಕಿ ಲಾಂಗ್‌ಟೇಲ್ಡ್ ಸ್ಕುವಾ ಸಿಗುವುದು ಅದರ ಆಹಾರವಾದ ಲೆಮ್ಮಿಂಗ್ ಇಲಿಗಳು ಹೆಚ್ಚಿದ ವರ್ಷದಲ್ಲಿ, ನಂಬಿ ಹೋಗಬೇಡಿ.

8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಸಾಕು. ಚಳಿಯಿಂದ ಬೆಚ್ಚಗಿನ ಕೋಣೆಗೆ ಬರುವ ಮೊದಲೇ ಅದನ್ನು ಚೀಲದಲ್ಲಿಟ್ಟು ಜಿಪ್ ಎಳೆಯಿರಿ, ಇಲ್ಲವಾದರೆ ಗಾಜಿನ ಮೇಲೆ ಹಬೆ ಕೂರುತ್ತದೆ. ಮೇಲೆ ಹಿಮ ಉಳಿದಿರಬಹುದು, ನೀರಿಳಿಯದ ಬೂಟು ಬೇಕು. ತಿಂಗಳ ಕೊನೆಗೆ ಹೋದರೆ ಸೊಳ್ಳೆಬಲೆಯ ಟೋಪಿಯೂ.