ಗಾಡಿಯಲ್ಲಿ ಮಷೀನ್ ಹಾಕಿಕೊಂಡು ಸ್ವಂತ ವೆಲ್ಡಿಂಗ್ ಶುರು ಮಾಡೋದು ಹೇಗೆ?

ನಾಲ್ಕು ವರ್ಷ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ದುಡಿದಿದ್ದೀರಿ. ಈಗ ಸಣ್ಣ ಗಾಡಿಯೊಂದರಲ್ಲಿ ಮಷೀನ್ ಹಾಕಿಕೊಂಡು ಕರೆದಲ್ಲಿಗೆ ಹೋಗಿ ಕೆಲಸ ಮಾಡಬೇಕು ಅಂತಿದ್ದೀರಿ. ಮೊದಲ ಗಿರಾಕಿ ಎಲ್ಲಿ ಸಿಗುತ್ತಾರೆ, ಎಷ್ಟು ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ. ನಾನು ಮುಧೋಳ ಕಡೆಯವನು, ಒಂಬತ್ತು ವರ್ಷದಿಂದ ಇದೇ ಕೆಲಸ. ನನ್ನ ಅನುಭವ ಹೇಳುತ್ತೇನೆ, ನಿಮ್ಮ ಊರಿಗೆ ಹೊಂದುವಷ್ಟು ತಗೊಳ್ಳಿ.

ಮೊದಲನೇ ಮಾತು. ಗೇಟು, ಗ್ರಿಲ್ಲು, ಕಿಟಕಿ ಹಿಂದೆ ಹೋಗಬೇಡಿ. ಅದು ಅಂಗಡಿಯ ಕೆಲಸ. ಅಲ್ಲಿ ಕಟಿಂಗ್ ಮಷೀನ್ ಇದೆ, ನೆರಳಿದೆ, ಇಬ್ಬರು ಹುಡುಗರಿದ್ದಾರೆ, ಕೆಜಿ ಲೆಕ್ಕದಲ್ಲಿ ರೇಟು ಹೇಳುತ್ತಾರೆ. ನೀವು ಆ ರೇಟಿಗೆ ಇಳಿದರೆ ಡೀಸೆಲ್ ದುಡ್ಡೂ ಉಳಿಯಲ್ಲ. ನಾನು ಶುರುವಿನ ಮೂರು ತಿಂಗಳು ಇದನ್ನೇ ಮಾಡಿ, ಗಾಡಿಯ ಕಂತು ಕಟ್ಟಲು ಮನೆಯವರ ಹತ್ತಿರ ಕೈಚಾಚಬೇಕಾಯಿತು.

ನಿಮ್ಮನ್ನು ಕರೆಯುವವರು ಬೇರೆಯವರು. ಅಂಗಡಿಗೆ ಬರಲಾಗದ ವಸ್ತು ಯಾರ ಹತ್ತಿರ ಮುರಿದು ನಿಂತಿದೆಯೋ ಅವರು. ಹೊಲದ ನಡುವೆ ಪಲ್ಟಿ ನೇಗಿಲು ಮುರಿದುಕೊಂಡವರು, ಜೆಸಿಬಿ ಬಕೆಟ್ ಸೀಳಿದವರು, ರಸ್ತೆ ಮೇಲೆ ಕಬ್ಬು ತುಂಬಿದ ಟ್ರೇಲರ್‌ನ ಹುಕ್ ಕಿತ್ತುಕೊಂಡವರು. ಅವರಿಗೆ ವೆಲ್ಡಿಂಗ್ ರೇಟು ಮುಖ್ಯ ಅಲ್ಲ, ಇವತ್ತೇ ಗಾಡಿ ಹೊರಡಬೇಕು ಅಷ್ಟೇ.

ನಮ್ಮ ಕಡೆ ಇದು ಕಬ್ಬಿನ ಸೀಸನ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಫ್ಯಾಕ್ಟರಿಗಳು ಶುರುವಾಗುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮ ವಿಜಯಪುರ ಕಡೆಯಿಂದ ಕಟಾವಿನ ಗ್ಯಾಂಗ್‌ಗಳು ಬರುತ್ತವೆ. ಒಂದೊಂದು ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಕಟ್ಟಿ, ಮೇಲೆ ಆಳೆತ್ತರ ಕಬ್ಬು ಹೇರಿ, ಕೆಟ್ಟ ಹೊಲದ ದಾರಿಯಲ್ಲಿ ಎಳೆಯುತ್ತಾರೆ. ಹುಕ್ಕು, ಚಾಸಿ, ಪಾಟಾ (ಗಾಡಿಯ ಪಟ್ಟಿ ಸ್ಪ್ರಿಂಗ್) ಬ್ರಾಕೆಟ್ ಎಲ್ಲಾ ಬಿಡುವುದು ಅಲ್ಲೇ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕಮ್ಮಿಯಾಗುತ್ತದೆ. ಹಾಗಾಗಿ ರೈತನಿಗೂ ಅವಸರ, ಟ್ರ್ಯಾಕ್ಟರ್ ಮಾಲೀಕನಿಗೂ ಅವಸರ, ದಾರಿ ಕಟ್ಟಿದ್ದರೆ ಹಿಂದೆ ನಿಂತ ಹತ್ತು ಗಾಡಿಯವರಿಗೂ ಅವಸರ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಎದ್ದು ಹೋದರೆ ಆ ಡ್ರೈವರ್ ಇಡೀ ಸೀಸನ್ ನಿಮ್ಮ ನಂಬರ್ ಬಿಟ್ಟು ಬೇರೆಯವರಿಗೆ ಮಾಡಲ್ಲ. ನಿಮ್ಮ ತಾಲೂಕಿನಲ್ಲಿ ಕಬ್ಬು ಇಲ್ಲದಿದ್ದರೆ ಕ್ವಾರಿ ಇರಬಹುದು, ಇಟ್ಟಿಗೆ ಭಟ್ಟಿ ಇರಬಹುದು, ಭತ್ತದ ಕಟಾವು ಯಂತ್ರ ಇರಬಹುದು. ಯಾವ ಯಂತ್ರ ನಿಂತರೆ ಯಾರಿಗೆ ದಿನಕ್ಕೆ ಜಾಸ್ತಿ ನಷ್ಟ ಅಂತ ಮೊದಲು ನೋಡಿ.

ಗಿರಾಕಿ ಹುಡುಕಲು ನಾನು ಬೋರ್ಡು, ಪಾಂಪ್ಲೆಟ್ ಎಲ್ಲಾ ಮಾಡಿಸಿದೆ. ಅದರಿಂದ ಒಂದು ಫೋನೂ ಬಂದಿದ್ದು ನೆನಪಿಲ್ಲ. ಫೋನ್ ಬಂದಿದ್ದು ಪಂಕ್ಚರ್ ಅಂಗಡಿಯವರಿಂದ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳಿಂದ, ಬಿಡಿಭಾಗದ ಅಂಗಡಿಯಿಂದ. ಏನಾದರೂ ಮುರಿದರೆ ಜನ ಮೊದಲು ಅವರನ್ನೇ ಕೇಳುತ್ತಾರೆ, ಅಲ್ವಾ? ಅವರ ಹತ್ತಿರ ಹೋಗಿ ಕೂತು ಚಹಾ ಕುಡಿಯಿರಿ, ನಂಬರ್ ಕೊಡಿ, ಅವರದೇ ಸಣ್ಣಪುಟ್ಟ ಕೆಲಸ ಇದ್ದರೆ ಮೊದಲು ಅದನ್ನು ಮಾಡಿಕೊಡಿ. ಇನ್ನೊಂದು, ನೀವು ಈಗ ಕೆಲಸ ಮಾಡುತ್ತಿರುವ ಅಂಗಡಿಯ ಮಾಲೀಕರಿಗೆ ಹೇಳಿಯೇ ಹೊರಗೆ ಬನ್ನಿ. ಅವರ ಗಿರಾಕಿಗಳನ್ನು ಎಳೆದುಕೊಳ್ಳಬೇಡಿ. ನನ್ನ ಹಳೇ ಮಾಲೀಕರು ಇವತ್ತಿಗೂ ಅಂಗಡಿಗೆ ತರಲಾಗದ ಕೆಲಸ ಬಂದರೆ ನನಗೆ ಕಳಿಸುತ್ತಾರೆ, ನಾನು ಗೇಟಿನ ಆರ್ಡರ್ ಬಂದರೆ ಅವರಿಗೆ ಕಳಿಸುತ್ತೇನೆ.

ಇನ್ನು ಸಾಮಾನು. ಶುರುವಿಗೆ ಹೊಸ ಗಾಡಿ ಬೇಡ. ನಾನು ಹಳೇ ಆಪೆ ಗೂಡ್ಸ್ ಗಾಡಿ ತಗೊಂಡೆ. 200 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಒಂದು, ನಾಲ್ಕು ಇಂಚಿನ ಗ್ರೈಂಡರ್ ಎರಡು, ಒಂದು ಕೆಟ್ಟರೆ ಇನ್ನೊಂದು ಇರಬೇಕು. ಜನರೇಟರ್ ಮಾತ್ರ ಬೇಕೇ ಬೇಕು. ನಮ್ಮಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ 7 ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಹೊಲದವರು ಲೈನಿಗೆ ವೈರ್ ಸಿಗಿಸಿಕೊಳ್ಳಿ ಅನ್ನುತ್ತಾರೆ, ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ, ಒದ್ದೆ ಮಣ್ಣಿನ ಮೇಲೆ ನಿಂತವನ ಜೀವಕ್ಕೂ ಅಪಾಯ. 10 ನಂಬರ್ ವೆಲ್ಡಿಂಗ್ ರಾಡ್ ಅಂದರೆ 3.15 ಮಿಲಿಮೀಟರ್ ದಪ್ಪದ್ದು, ಅದಕ್ಕೆ 100ರಿಂದ 130 ಆಂಪಿಯರ್ ಬೇಕು, 7.5 ಕೆವಿಎ ಜನರೇಟರ್ ಆರಾಮಾಗಿ ಎಳೆಯುತ್ತದೆ. ನಾನು ದುಡ್ಡು ಉಳಿಸಲು ಮೊದಲು ಸಣ್ಣದು ತಂದಿದ್ದೆ. ರಾಡ್ ಹಚ್ಚಿದ ಕೂಡಲೇ ಎಂಜಿನ್ ಕುಸಿಯೋದು, ಆರ್ಕ್ (ಬೆಸೆಯುವ ಕಿಡಿ) ತಟ್ಟನೆ ಆರಿಹೋಗುತ್ತಿತ್ತು. ಆರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿ ದೊಡ್ಡದು ತಂದೆ. ಕೇಬಲ್‌ನಲ್ಲೂ ಉಳಿಸಬೇಡಿ, ತಾಮ್ರದ್ದೇ ತಗೊಳ್ಳಿ.

ದುಡ್ಡಿಗೆ ಸಣ್ಣ ಉದ್ಯೋಗದವರಿಗೆ ಅಂತಲೇ ಇರುವ ಕೇಂದ್ರ ಸರ್ಕಾರದ ಮುದ್ರಾ ಸಾಲ ಇದೆ. 50,000 ರೂಪಾಯಿವರೆಗೆ ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ್, ಅಡಮಾನ ಕೇಳುವಂತಿಲ್ಲ. ಅಂಗಡಿಯಿಂದ ಮಷೀನ್, ಜನರೇಟರ್‌ನ ಕೊಟೇಷನ್ ತಗೊಂಡು ಬ್ಯಾಂಕಿಗೆ ಹೋಗಿ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ, ಆನ್‌ಲೈನ್‌ನಲ್ಲಿ ಪೂರ್ತಿ ಉಚಿತ, ಅದಕ್ಕೆ ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ ನೀವು ಜಾಸ್ತಿ 6013 ರಾಡ್ ಹಚ್ಚಿರುತ್ತೀರಿ. ಚೌಕ ಪೈಪು, ಆ್ಯಂಗಲ್‌ಗೆ ಅದು ಸರಿ. ಟ್ರೇಲರ್ ಹುಕ್ಕಿಗೆ, ಜೆಸಿಬಿ ಬಕೆಟ್ಟಿಗೆ ಅದು ಸಾಲದು. 7018 ರಾಡ್ ಹಚ್ಚೋದು ಕಲಿಯಿರಿ. ಅದು ತೇವ ಹೀರಿದರೆ ಬೆಸುಗೆಯಲ್ಲಿ ಬಿರುಕು ಬರುತ್ತದೆ, ಅದಕ್ಕೇ ಬಿಸಿಯಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು. ಬಿರುಕಿನ ಎರಡೂ ತುದಿಗೆ ಡ್ರಿಲ್‌ನಿಂದ ಸಣ್ಣ ತೂತು ಹಾಕಿ, ಇಲ್ಲದಿದ್ದರೆ ಬಿರುಕು ಮುಂದೆ ಓಡುತ್ತದೆ. ಗ್ರೈಂಡರ್‌ನಿಂದ ವಿ ಆಕಾರಕ್ಕೆ ತೆಗೆದು, ಗ್ರೀಸು ಮಣ್ಣು ಪೂರ್ತಿ ಒರೆಸಿ, ದಪ್ಪ ಹುಕ್ಕಾದರೆ ಮೊದಲು ಬಿಸಿ ಮಾಡಿ, ವೆಲ್ಡಿಂಗ್ ಹಚ್ಚಿದ ಮೇಲೆ ನೀರು ಸುರಿಯದೆ ಒಣ ಬೂದಿ ಮುಚ್ಚಿ ನಿಧಾನ ಆರಲು ಬಿಡಿ. ಡ್ರೈವರ್ ಪಕ್ಕದಲ್ಲಿ ನಿಂತು ಬೇಗ ಬೇಗ ಅನ್ನುತ್ತಲೇ ಇರುತ್ತಾನೆ, ಆದರೂ ಈ ಅರ್ಧ ಗಂಟೆ ಬಿಡಬೇಡಿ. ಟ್ರ್ಯಾಕ್ಟರ್ ಆಗಲಿ ಜೆಸಿಬಿ ಆಗಲಿ, ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ, ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಅರ್ಥಿಂಗ್ ಕ್ಲ್ಯಾಂಪ್ ಹಾಕಿ. ದೂರ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡುತ್ತದೆ.

ಕೆಲವು ಕೆಲಸಕ್ಕೆ ಆಗಲ್ಲ ಅನ್ನಿ. ಮುರಿದ ಪಾಟಾ ಹಚ್ಚಬೇಡಿ, ಅದು ಸ್ಪ್ರಿಂಗ್ ಉಕ್ಕು, ಶಾಖಕ್ಕೆ ಅದರ ಹದ ಹೋಗಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಸ್ಟೇರಿಂಗ್ ರಾಡ್ ಮುಟ್ಟಬೇಡಿ. ಡೀಸೆಲ್ ಟ್ಯಾಂಕ್, ಎಣ್ಣೆ ಡ್ರಮ್ಮು ಖಾಲಿ ಇದೆ ಅಂದರೂ ಬೇಡ, ಒಳಗಿನ ಆವಿ ಸಾಕು ಸಿಡಿಯಲು. ಒಂದು ಸಲ ಪರಿಚಯದವರು ಬಹಳ ಒತ್ತಾಯ ಮಾಡಿದರು ಅಂತ ಪಾಟಾ ಹಚ್ಚಿಕೊಟ್ಟೆ. ಎರಡನೇ ದಿನ ಇಳಿಜಾರಿನಲ್ಲಿ ಮುರಿದು ಟ್ರೇಲರ್ ವಾಲಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಟ್ರೇಲರ್ ಹಿಂದೆ ಗ್ಯಾಂಗಿನ ಹೆಂಗಸರು ಮಕ್ಕಳು ನಡೆದು ಬರುತ್ತಿದ್ದರು. ಆ ಮೇಲೆ ಯಾರು ಹೇಳಿದರೂ ಮಾಡಿಲ್ಲ.

ಕಬ್ಬಿನ ಒಣ ರವದಿ (ಸೋಗೆ), ಹುಲ್ಲಿನ ಬಣವೆ ಹತ್ತಿರ ಕಿಡಿ ಹಾರಿದರೆ ಮುಗಿಯಿತು. ಗಾಡಿಯನ್ನು ಖಾಲಿ ಜಾಗಕ್ಕೆ ಎಳೆಸಿ, ಸುತ್ತ ನೀರು ಹೊಡೆಸಿ, ಎರಡು ಒದ್ದೆ ಗೋಣಿಚೀಲ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರಿ. ತಾನಾಗೇ ಕಪ್ಪಾಗುವ ಹೆಲ್ಮೆಟ್ ತಗೊಳ್ಳಿ. ಕಪ್ಪು ಕನ್ನಡಕ ಹಾಕಿ ಹಚ್ಚುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕಲಾಯಿ ಇರುವ ಜಿಐ ಪೈಪು ಹಚ್ಚುವಾಗ ಕಲಾಯಿ ಉಜ್ಜಿ ತೆಗೆದು, ಗಾಳಿ ಬರುವ ಕಡೆ ನಿಂತು ಮಾಡಿ, ಆ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತದೆ.

ದುಡ್ಡಿನ ವಿಷಯ. ನಾನು ಎರಡು ಭಾಗ ಮಾಡಿದ್ದೇನೆ. ಬರುವುದಕ್ಕೆ ಒಂದು ಚಾರ್ಜು, ಹತ್ತು ಕಿಲೋಮೀಟರ್ ಒಳಗೆ 300 ರೂಪಾಯಿ, ಹಚ್ಚಿದರೂ ಹಚ್ಚದಿದ್ದರೂ. ಕೆಲಸದ ದುಡ್ಡು ನೋಡಿದ ಮೇಲೆ, ಆದರೆ ಮಷೀನ್ ಆನ್ ಮಾಡುವ ಮುಂಚೆ. ಫೋನಿನಲ್ಲೇ ಫೋಟೋ ತರಿಸಿಕೊಳ್ಳಿ, ಯಾವ ರಾಡ್, ಯಾವ ಪಟ್ಟಿ ಒಯ್ಯಬೇಕು ಅಂತ ಗೊತ್ತಾಗುತ್ತದೆ. ಉದ್ರಿ ಬಂದೇ ಬರುತ್ತದೆ. ಕಬ್ಬಿನ ಬಿಲ್ ಬಂದ ಮೇಲೆ ಕೊಡ್ತೀನಿ ಅಂತಾರೆ. ಕಾಯ್ದೆಯಲ್ಲಿ 14 ದಿನದೊಳಗೆ ಫ್ಯಾಕ್ಟರಿ ಬಿಲ್ ಕೊಡಬೇಕು ಅಂತ ಇದೆ, ತಿಂಗಳುಗಟ್ಟಲೆ ತಡವಾಗಿದ್ದನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ರೈತ ಸುಳ್ಳು ಹೇಳುತ್ತಿಲ್ಲ, ಅವನ ಕೈಯಲ್ಲೂ ದುಡ್ಡಿಲ್ಲ. ಆದ್ದರಿಂದ ನಾನು ಬರುವ ಚಾರ್ಜು ಮತ್ತು ರಾಡಿನ ದುಡ್ಡು ಅಲ್ಲೇ ತಗೊಳ್ಳುತ್ತೇನೆ, ಕೂಲಿ ಮಾತ್ರ ಉದ್ರಿ ಬರೆಯುತ್ತೇನೆ. ಟ್ರ್ಯಾಕ್ಟರ್ ಮಾಲೀಕರು, ಜೆಸಿಬಿಯವರಿಗೆ ಉದ್ರಿ ಇಲ್ಲ.

ಸೀಸನ್ ಮುಗಿದ ಮೇಲೆ ಏನು ಅಂತ ಚಿಂತೆ ಬೇಡ. ಏಪ್ರಿಲ್, ಮೇನಲ್ಲಿ ಮುಂಗಾರಿಗೆ ಮೊದಲು ಕಲ್ಟಿವೇಟರ್, ಕುಂಟೆ, ಕೂರಿಗೆ ರಿಪೇರಿಗೆ ಬರುತ್ತವೆ, ದನದ ಶೆಡ್ಡುಗಳೂ ಆಗಲೇ. ಮಳೆಗಾಲದಲ್ಲಿ ಸಕ್ಕರೆ ಫ್ಯಾಕ್ಟರಿಗಳು ನಿಂತು ಓವರ್‌ಹಾಲಿಂಗ್ ನಡೆಯುತ್ತದೆ, ಗುತ್ತಿಗೆದಾರರಿಗೆ ವೆಲ್ಡರ್‌ಗಳು ಬೇಕಾಗುತ್ತಾರೆ. ಅಲ್ಲಿ ಸರ್ಟಿಫಿಕೇಟ್ ಕೇಳಬಹುದು. ಐಟಿಐ ವೆಲ್ಡರ್ ಕೋರ್ಸು ಒಂದು ವರ್ಷ, 8ನೇ ತರಗತಿ ಪಾಸಾಗಿದ್ದರೆ ಸಾಕು. ಹೊಲದ ಕೆಲಸಕ್ಕೆ ಮಾತ್ರ ಇವತ್ತಿನವರೆಗೆ ನನ್ನನ್ನು ಯಾರೂ ಸರ್ಟಿಫಿಕೇಟ್ ಕೇಳಿಲ್ಲ.

ಅಂಗಡಿ ಕೆಲಸ ಈಗಲೇ ಬಿಡಬೇಡಿ. ಮಷೀನ್ ತಂದು ಮೊದಲು ಭಾನುವಾರ, ರಾತ್ರಿ ಹೊತ್ತಿನ ಫೋನುಗಳಿಗೆ ಹೋಗಿ. ತಿಂಗಳಿಗೆ ಹದಿನೈದು ಇಪ್ಪತ್ತು ಕರೆ ಬರುವಂತಾದ ಮೇಲೆ ಬಿಡಿ. ನಿಮ್ಮದು ಯಾವ ತಾಲೂಕು, ಅಲ್ಲಿ ಯಾವ ಯಂತ್ರ ಜಾಸ್ತಿ ಅಂತ ಕೆಳಗೆ ಬರೆಯಿರಿ. ಗಾಡಿಯಲ್ಲಿ ಯಾವ ಯಾವ ರಾಡ್, ಎಷ್ಟು ದಪ್ಪದ ಪಟ್ಟಿ ಇಟ್ಟುಕೊಳ್ಳಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.