ತಲೆ ಇಟ್ಟೊಡನೆ ನಿದ್ದೆ, ಎದ್ದರೆ ಸುಸ್ತು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತ ಸಮಾಲೋಚಕಿಯಾದ ನನ್ನ ಬಳಿ ಅವರು ಬಂದದ್ದು ದಾಂಪತ್ಯದ ದೂರಿನೊಂದಿಗೆ. ಗಂಡನಿಗೆ ನಲವತ್ತಾರು, ಹೆಂಡತಿಗೆ ನಲವತ್ತೆರಡು. ಮಲಗುವುದು ಬೇರೆ ಬೇರೆ ಕೋಣೆಯಲ್ಲಿ. "ಮಾತನಾಡಿಸಿದರೆ ಸಿಡುಕುತ್ತಾರೆ, ಸುಮ್ಮನಿದ್ದರೆ ತೂಕಡಿಸುತ್ತಾರೆ. ನಾನು ಇವರಿಗೆ ಬೇಡವಾಗಿದ್ದೇನೆ" ಎಂದರು ಆಕೆ. ಆತ ಕೊಟ್ಟ ಸಮಜಾಯಿಷಿ ಇಷ್ಟೇ: "ಕೆಲಸದ ಒತ್ತಡ ಮೇಡಂ. ನಿದ್ದೆಗೇನೂ ತೊಂದರೆ ಇಲ್ಲ, ದಿಂಬಿಗೆ ತಲೆ ಇಟ್ಟರೆ ಸಾಕು."

ಹೀಗೆ ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಅನುಮಾನ. ಕೂತಲ್ಲೇ ಕಣ್ಣು ಎಳೆಯುವುದು ರಾತ್ರಿಯ ನಿದ್ದೆ ಕೆಟ್ಟಿದೆ ಎಂಬುದರ ಲಕ್ಷಣ. ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮಾತ್ರೆಗೂ ಬಗ್ಗದ ರಕ್ತದೊತ್ತಡ: ಕೇಳಿದ್ದಕ್ಕೆಲ್ಲ ಹೌದೆಂದರು.

ಗಂಡನನ್ನು ನಾಚಿಸಲೆಂದೇ ಆಕೆ ಗೊರಕೆಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಮೇಜಿನ ಮೇಲಿಟ್ಟು ಕೇಳಿದೆವು. ಏರುತ್ತಾ ಹೋದ ಸದ್ದು ಥಟ್ಟನೆ ನಿಂತಿತು. ಪರದೆಯ ಮೇಲೆ ಸೆಕೆಂಡುಗಳು ಮಾತ್ರ ಓಡುತ್ತಿದ್ದವು: ಹತ್ತು, ಹದಿನೈದು, ಇಪ್ಪತ್ತೆರಡು. ಆಮೇಲೆ ನೀರಿನಲ್ಲಿ ಮುಳುಗಿ ಮೇಲೆದ್ದವರಂತೆ ಒಂದು ಏದುಸಿರು, ಮತ್ತೆ ಗೊರಕೆ. "ಇದು ನಾನೇನಾ?" ಎಂದು ಆತ ಇನ್ನೊಮ್ಮೆ ಹಾಕಿಸಿ ಕೇಳಿದರು.

ರೋಗನಿರ್ಣಯ ನನ್ನ ಕೆಲಸವಲ್ಲ. ನಿದ್ರಾ ತಜ್ಞರ ಬಳಿ ಕಳುಹಿಸಿದೆ. ಅಲ್ಲಿಯವರೆಗೆ ವಾಹನ ಓಡಿಸಬೇಡಿ, ಮದ್ಯವನ್ನೂ ನಿದ್ದೆ ಮಾತ್ರೆಯನ್ನೂ ಮುಟ್ಟಬೇಡಿ ಎಂದೆ. ಎರಡೂ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಪರೀಕ್ಷೆಯಲ್ಲಿ ಗಂಟೆಗೆ 38 ಬಾರಿ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಕಂಡಿತು. ನಿದ್ದೆಯಲ್ಲಿ ಹೀಗೆ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ; ಎಣಿಕೆ 30 ದಾಟಿದರೆ ಅದು ತೀವ್ರ. ಮುಖವಾಡದ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಿನ ದಾರಿ ಮುಚ್ಚದಂತೆ ಕಾಯುವ ಸಿಪ್ಯಾಪ್ ಯಂತ್ರ ಬಂತು. ಜೊತೆಗೆ ತೂಕ ಇಳಿಸಿ ಎಂಬ ಸಲಹೆ.

ಈ ಮಾತಿಗೆ ಆತ ಕುಗ್ಗಿಹೋದರು. ಹೋದಲ್ಲೆಲ್ಲ ಕೇಳಿ ಕೇಳಿ ಅದು ಅವರಿಗೆ ಬೈಗುಳವೇ ಆಗಿತ್ತು. ಹಾಗಾಗಿ ಕಾರಣವನ್ನು ಬಿಡಿಸಿ ಹೇಳಿದೆ. ಬೊಜ್ಜು ಹೊಟ್ಟೆಯಲ್ಲಿ ಮಾತ್ರ ಕೂರುವುದಿಲ್ಲ. ಗಂಟಲಿನ ಸುತ್ತ, ನಾಲಿಗೆಯ ಒಳಗೂ ಸೇರುತ್ತದೆ. 2020ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನವೊಂದರಲ್ಲಿ, ತೂಕ ಇಳಿದವರ ಉಸಿರಾಟ ಸುಧಾರಿಸಲು ನಾಲಿಗೆಯ ಕೊಬ್ಬು ಕರಗಿದ್ದೇ ಮುಖ್ಯ ಕಾರಣವಾಗಿ ಕಂಡಿತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ದೀರ್ಘಕಾಲದ ಅಧ್ಯಯನದ ಪ್ರಕಾರ, ತೂಕ ಶೇ. 10ರಷ್ಟು ಇಳಿದರೆ ಉಸಿರು ನಿಲ್ಲುವ ಪ್ರಮಾಣ ಸುಮಾರು ಶೇ. 26ರಷ್ಟು ತಗ್ಗುತ್ತದೆ. "ಅಂದರೆ ನಾನು ಸಣಕಲಾಗಬೇಕಿಲ್ಲ" ಎಂದರು. ಖಂಡಿತ ಬೇಕಿಲ್ಲ. ಸಣಕಲು ದೇಹದವರಿಗೂ ದವಡೆಯ ರಚನೆಯಿಂದ ಈ ತೊಂದರೆ ಬರುತ್ತದೆ.

ನಾನು ಹಟ ಹಿಡಿದದ್ದು ಕ್ರಮದ ವಿಷಯದಲ್ಲಿ. ಮೊದಲು ಯಂತ್ರ, ಆಮೇಲೆ ತೂಕ. ನಿದ್ದೆಗೆಟ್ಟ ದೇಹ ಹಸಿವನ್ನು ಹೆಚ್ಚಿಸುತ್ತದೆ, ಸುಸ್ತು ನಡೆಯಲು ಬಿಡುವುದಿಲ್ಲ. ಅಂಥವರಿಗೆ ಮನೋಬಲವಿಲ್ಲ ಎಂದು ಹಳಿಯುವುದು ಅನ್ಯಾಯ. ಆದರೆ ಯಂತ್ರ ತಾನಾಗಿ ತೂಕ ಇಳಿಸದು ಎಂದೂ ಹೇಳಿದೆ. ಊಟದ ಪ್ರಮಾಣವನ್ನು ಆಹಾರ ತಜ್ಞರು ಗೊತ್ತುಮಾಡಿದರು; ನಡಿಗೆ ಹತ್ತು ನಿಮಿಷದಿಂದ ಶುರುವಾಯಿತು. ಹೆಂಡತಿಗೆ ನಾನು ಕೊಟ್ಟ ಸಲಹೆ: ತಟ್ಟೆ ಕಾಯುವ ಕೆಲಸ ನಿಮ್ಮದಲ್ಲ, ಬೇಕಿದ್ದರೆ ಜೊತೆಯಲ್ಲಿ ನಡೆಯಿರಿ.

ಎಂಟು ತಿಂಗಳಲ್ಲಿ ತೂಕ 112 ಕಿಲೋದಿಂದ 99ಕ್ಕೆ ಬಂತು. ರಕ್ತದೊತ್ತಡದ ಎರಡು ಮಾತ್ರೆಗಳಲ್ಲಿ ಒಂದನ್ನು ವೈದ್ಯರು ನಿಲ್ಲಿಸಿದರು. ಮರುಪರೀಕ್ಷೆಯಲ್ಲಿ 38 ಇದ್ದದ್ದು 19. ಮುಖವಾಡ ಕಳಚಬಹುದೆಂದು ಕಾದಿದ್ದ ಅವರಿಗೆ ನಿರಾಸೆಯಾಯಿತು. 19 ಕೂಡ ಮಧ್ಯಮ ತೀವ್ರತೆಯೇ. ಗೊರಕೆ ನಿಂತಿತೆಂದು ತಾವಾಗಿಯೇ ಯಂತ್ರವನ್ನು ಮೂಲೆಗಿಡಬೇಡಿ, ಇನ್ನಷ್ಟು ಇಳಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಎಂದೆ. ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆಯೂ ಕೇಳಿದರು. ಅಂಥ ಚುಚ್ಚುಮದ್ದುಗಳಲ್ಲಿ ಒಂದಾದ ಟಿರ್ಜೆಪಟೈಡ್‌ಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರಿನಲ್ಲಿ, ಬೊಜ್ಜಿನ ಜೊತೆ ಮಧ್ಯಮದಿಂದ ತೀವ್ರ ಆಪ್ನಿಯಾ ಇರುವ ವಯಸ್ಕರಿಗೆಂದು ಒಪ್ಪಿಗೆ ಕೊಟ್ಟಿರುವುದು ನಿಜ. ಅದು ನಿಮಗೆ ಹೊಂದುತ್ತದೆಯೇ ಎಂಬುದನ್ನು ವೈದ್ಯರೇ ಹೇಳಬೇಕು ಎಂದೆ.

ಈಗ ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಜಗಳ ಪೂರ್ತಿ ನಿಂತಿಲ್ಲ. ನಿದ್ದೆಗೆ ಸಂಬಂಧವೇ ಇಲ್ಲದ ಹಳೆಯ ಅಸಮಾಧಾನಗಳನ್ನು ಮುಂದಿನ ಭೇಟಿಯಿಂದ ಮಾತನಾಡಲಿದ್ದೇವೆ.