ನಿಲ್ಲುವವರು ಯಾರು, ನಡೆಯುವವರು ಯಾರು? ಪರದೇಶದ ರೈಲು ನಿಲ್ದಾಣದಲ್ಲಿ ಭೇಟಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಡಿಕೆಯ ಕೊನೆಕೊಯ್ಲು, ಸುಲಿಯುವುದು, ಒಣಗಿಸುವುದು ಎಲ್ಲ ಮುಗಿಸಿ ಬೇಸಿಗೆಯಲ್ಲಿ ಮಕ್ಕಳ ಊರಿಗೆ ಹೊರಟವರಿಂದ ಈ ಸಲ ಒಂದೇ ಬಗೆಯ ಪತ್ರಗಳು ಬಂದಿವೆ. ಪರದೇಶದ ದೊಡ್ಡ ರೈಲು ನಿಲ್ದಾಣದಲ್ಲಿ ನಮ್ಮವರನ್ನು ಎಲ್ಲಿ ಭೇಟಿಯಾಗುವುದು ಎಂಬುದೇ ಎಲ್ಲರ ಚಿಂತೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಗಂಡ-ಹೆಂಡತಿ ಮೇ ತಿಂಗಳಲ್ಲಿ ಲುಫ್ತಾನ್ಸಾ ವಿಮಾನದಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗುತ್ತಿದ್ದೇವೆ. ಮಗಳಿಗೆ ಆ ದಿನ ರಜೆ ಇಲ್ಲವಂತೆ. ‘ಏರ್‌ಪೋರ್ಟಿಂದ ಟ್ರೈನ್ ಹತ್ತಿ ಮೇನ್ ಸ್ಟೇಷನ್ನಿಗೆ ಬಂದ್ಬಿಡಿ ಅಪ್ಪಾ, ಅಲ್ಲಿ ಸಿಗ್ತೀನಿ’ ಅನ್ನುತ್ತಾಳೆ. ಅಲ್ಲಿ ಅಂದರೆ ಎಲ್ಲಿ?
— ಓದುಗರು, ಸಾಗರ

ಉತ್ತರ: ಮೊದಲು ಮಗಳಿಗೆ ಒಂದು ಮಾತು ಹೇಳಿ. ನಿಲ್ದಾಣ ಗೊತ್ತಿರುವವರು ನಡೆಯಬೇಕು, ಗೊತ್ತಿಲ್ಲದವರು ಇಳಿದ ಜಾಗದಲ್ಲೇ ನಿಲ್ಲಬೇಕು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಊರು ಬಲ್ಲವರು ಯಾವುದೋ ಗಡಿಯಾರದ ಕೆಳಗೆ ಕಾಯುತ್ತಾರೆ, ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಸೂಟ್‌ಕೇಸ್ ಎಳೆದುಕೊಂಡು ಅವರನ್ನು ಹುಡುಕುತ್ತಾರೆ. ಅವಳು ವಿಮಾನ ನಿಲ್ದಾಣಕ್ಕೇ ಬರಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಬರೀ ಕಾಲು ಗಂಟೆಯ ದಾರಿ. ಆಗದಿದ್ದರೆ ಹೀಗೆ ಮಾಡಿ.

ಲುಫ್ತಾನ್ಸಾ ಇಳಿಯುವುದು ಟರ್ಮಿನಲ್ 1ರಲ್ಲಿ. ಆ ವಿಮಾನ ನಿಲ್ದಾಣಕ್ಕೆ ಎರಡು ರೈಲು ನಿಲ್ದಾಣಗಳಿವೆ. ‘ಫೆರ್ನ್‌ಬಾನ್‌ಹೋಫ್’ ಎಂಬುದು ದೂರದೂರಿನ ರೈಲುಗಳದ್ದು, ಅಲ್ಲಿಗೆ ಹೋಗಬೇಡಿ. ನಿಮಗೆ ಬೇಕಾದದ್ದು ಟರ್ಮಿನಲ್ 1ರ ನೆಲದಡಿಯಲ್ಲೇ ಇರುವ ‘ರೆಗಿಯೋನಾಲ್‌ಬಾನ್‌ಹೋಫ್’, ಪ್ಲಾಟ್‌ಫಾರ್ಮ್ 1ರಿಂದ 3. ಹಸಿರು ವೃತ್ತದಲ್ಲಿ ಬಿಳಿಯ ಎಸ್ ಅಕ್ಷರವಿರುವ ಫಲಕ ಹಿಡಿದು ಹೋಗಿ, ಅದು ಎಸ್-ಬಾನ್ ಎಂಬ ಲೋಕಲ್ ಗಾಡಿಯ ಗುರುತು. ಟಿಕೆಟ್ ಯಂತ್ರ ಅಲ್ಲೇ ಇರುತ್ತದೆ. ಗೇಟ್ ಇಲ್ಲವಲ್ಲ ಎಂದು ಟಿಕೆಟ್ ಇಲ್ಲದೆ ಹತ್ತಬೇಡಿ, ತಪಾಸಣೆಯಲ್ಲಿ ಸಿಕ್ಕರೆ ದಂಡ 60 ಯೂರೊ. ಹತ್ತಬೇಕಾದದ್ದು ಎಸ್8 ಅಥವಾ ಎಸ್9, ಬೋರ್ಡಿನಲ್ಲಿ ಹನಾವ್ ಅಥವಾ ಓಫೆನ್‌ಬಾಖ್ ಎಂದಿರಬೇಕು. ವೀಸ್‌ಬಾಡೆನ್ ಎಂದಿದ್ದರೆ ಅದು ಎದುರು ದಿಕ್ಕಿಗೆ ಹೋಗುವ ಗಾಡಿ. ನೀಡರ್‌ರಾಡ್ ಎಂಬ ನಿಲ್ದಾಣ ಬಂತೆಂದರೆ ಬಾಗಿಲ ಹತ್ತಿರ ಬನ್ನಿ, ಅದರ ಮುಂದಿನದೇ ಮೇನ್ ಸ್ಟೇಷನ್, ಅಂದರೆ ಹೌಪ್ಟ್‌ಬಾನ್‌ಹೋಫ್.

ಹೆಚ್ಚಿನವರು ತಪ್ಪುವುದು ಇಲ್ಲಿಂದ ಮುಂದೆ. ನಿಮ್ಮ ಗಾಡಿ ನಿಲ್ಲುವುದು ನೆಲದಡಿಯ 101ರಿಂದ 104ರವರೆಗಿನ ಪ್ಲಾಟ್‌ಫಾರ್ಮ್‌ಗಳಲ್ಲಿ. ಅಲ್ಲಿಂದ ಎಸ್ಕಲೇಟರ್ ಹತ್ತಿದರೆ ಮೊದಲು ಸಿಗುವುದು ನಡುವಿನ ಮಹಡಿ. ಅಲ್ಲಿಂದ ಮೇಲೇರುವ ದಾರಿಗಳಲ್ಲಿ ಕೆಲವು ನಿಲ್ದಾಣದ ದೊಡ್ಡ ಹಜಾರಕ್ಕೆ ಹೋಗುತ್ತವೆ, ಕೆಲವು ಸೀದಾ ಹೊರಗಿನ ರಸ್ತೆಗೆ. ‘ಮೇಲೆ ಹಜಾರದಲ್ಲಿ ಸಿಗೋಣ’ ಎಂದರೆ ನೀವು ಬೀದಿಯಲ್ಲಿ, ಅವಳು ಹಜಾರದಲ್ಲಿ ಆಗುವುದು ತೀರಾ ಸಹಜ. ಆದ್ದರಿಂದ ಎಸ್ಕಲೇಟರ್ ಹತ್ತಲೇಬೇಡಿ. ಗಾಡಿ ಹೊರಡುವ ಮೊದಲು ‘ಎಸ್8, ಮುಂದಿನ ಡಬ್ಬಿ’ ಎಂದು ಮಗಳಿಗೆ ತಿಳಿಸಿ, ಇಳಿದು ಹತ್ತಿರದ ಬೆಂಚಿನಲ್ಲಿ ಕೂತುಕೊಳ್ಳಿ. ಜನ ಅವಸರದಲ್ಲಿ ಹತ್ತಿ ಹೋದ ಮೇಲೆ ಎರಡು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಖಾಲಿಯಾಗುತ್ತದೆ. ಉದ್ದದ ಗಾಡಿಯಾದರೆ ಇನ್ನೂರು ಮೀಟರ್ ಮೀರುವುದರಿಂದ ಮುಂದಿನ ಡಬ್ಬಿಯೋ ಹಿಂದಿನದೋ ಎಂಬುದು ಅವಳಿಗೆ ಗೊತ್ತಿದ್ದರೆ ಒಳ್ಳೆಯದು.

ಪ್ಲಾಟ್‌ಫಾರ್ಮ್ ಸಂಖ್ಯೆ ಮಹಡಿಯನ್ನೂ ಹೇಳುತ್ತದೆ, ಇದು ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ 3ರಿಂದ 18 ನೆಲದ ಮೇಲೆ, 31–34 ಮತ್ತು 41–44 ನೆಲದಡಿ. ಅದೂ ಎರಡು ಬೇರೆ ಬೇರೆ ಕಡೆ. ಟಿಕೆಟ್‌ನಲ್ಲಿ 33 ಎಂದು ಕಂಡರೆ, ಹಜಾರದಲ್ಲಿ ಭೇಟಿ ಗೊತ್ತು ಮಾಡಿಕೊಂಡಿದ್ದರೆ ಮೇಲೆ ಹತ್ತುವುದಕ್ಕೇ ಹತ್ತು ನಿಮಿಷ ಹಿಡಿಯಿರಿ.

ಮುಂದೆ ಬೇರೆ ಊರಿನಿಂದ ಐಸಿಇ ಎಂಬ ವೇಗದ ಗಾಡಿಯಲ್ಲಿ ಫ್ರಾಂಕ್‌ಫರ್ಟ್‌ಗೆ ಮರಳುವಾಗ ಲೆಕ್ಕ ಬೇರೆ. ನಮ್ಮ ತಾಳಗುಪ್ಪದಲ್ಲಿ ಹಳಿ ಮುಗಿದುಹೋಗುತ್ತದಲ್ಲ, ಫ್ರಾಂಕ್‌ಫರ್ಟ್‌ನ ಮೇಲಿನ ಪ್ಲಾಟ್‌ಫಾರ್ಮ್‌ಗಳೂ ಹಾಗೆಯೇ. ಎಲ್ಲ ಹಳಿಗಳೂ ಒಂದೇ ಅಡ್ಡ ಹಜಾರಕ್ಕೆ ಬಂದು ನಿಲ್ಲುತ್ತವೆ, ಇಳಿದವರೆಲ್ಲ ಆ ಕಡೆಗೇ ನಡೆಯಬೇಕು. ಇಂಥಲ್ಲಿ ನಿಮ್ಮ ಪ್ಲಾಟ್‌ಫಾರ್ಮಿನ ಹಳಿ ಕೊನೆಯಾಗುವ ತುದಿಯಲ್ಲಿ ನಿಂತರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಕಲೋನ್‌ನಂತೆ ಗಾಡಿ ಹಾದುಹೋಗುವ ನಿಲ್ದಾಣದಲ್ಲಿ ಎರಡು ಬದಿಗೂ ಹೊರದಾರಿಗಳಿವೆ. ಒಂದು ದೊಡ್ಡ ಚರ್ಚ್ ಇರುವ ಬದಿ, ಇನ್ನೊಂದು ಬ್ರೆಸ್ಲಾವರ್ ಪ್ಲಾಟ್ಸ್. ಅಲ್ಲಿ ಡಬ್ಬಿಯ ಬಾಗಿಲಲ್ಲೇ ಭೇಟಿಯಾಗಿ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎ, ಬಿ, ಸಿ ಎಂದು ಅಕ್ಷರ ತೂಗುಹಾಕಿರುತ್ತಾರೆ, ನಿಮ್ಮ ಡಬ್ಬಿ ಯಾವ ಅಕ್ಷರದ ಬಳಿ ನಿಲ್ಲುತ್ತದೆಂದು ಬೋರ್ಡ್ ತೋರಿಸುತ್ತದೆ. ಕೆಲವೊಮ್ಮೆ ಗಾಡಿ ತಿರುಗಿ ಬಂದು ಮುಂದಿನ ಡಬ್ಬಿ ಹಿಂದಾಗುತ್ತದೆ, ಆದ್ದರಿಂದ ಕರೆದೊಯ್ಯುವವರು ಆ ದಿನದ ಬೋರ್ಡನ್ನೇ ನೋಡಬೇಕು. ಎರಡು ಗಾಡಿ ಜೋಡಿಸಿದ ಐಸಿಇಯಲ್ಲಿ 21–28, 31–38 ಎಂದು ಎರಡು ಗುಂಪು ಡಬ್ಬಿಗಳಿರುವುದುಂಟು, ಒಳಗಿನಿಂದ ಒಂದರಿಂದ ಇನ್ನೊಂದಕ್ಕೆ ದಾರಿ ಇರುವುದಿಲ್ಲ. ಬರ್ಲಿನ್‌ನಿಂದ ಬರುವ ಕೆಲವು ಗಾಡಿಗಳು ಹಾಮ್ ಎಂಬಲ್ಲಿ ಎರಡಾಗಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಡಬ್ಬಿ ಸಂಖ್ಯೆ ನೋಡದೆ ಹತ್ತಬೇಡಿ.

ಊರಿನ ಹೆಸರನ್ನೂ ಟಿಕೆಟ್‌ನಲ್ಲಿ ಪೂರ್ತಿ ಓದಿ. ಪೋಲೆಂಡ್ ಗಡಿಯ ಹತ್ತಿರ ಓಡರ್ ನದಿಯ ಮೇಲೆ ಇನ್ನೊಂದು ಫ್ರಾಂಕ್‌ಫರ್ಟ್ ಇದೆ. ನಿಮ್ಮದು ಮೈನ್ ನದಿಯದು.

ಪ್ರಶ್ನೆ: ಮಗ ಟೋಕಿಯೊದಲ್ಲಿದ್ದಾನೆ. ಟೋಕಿಯೊ ಸ್ಟೇಷನ್ನಿನ ಬೆಳ್ಳಿ ಗಂಟೆಯ ಹತ್ತಿರ ಬನ್ನಿ ಅಂತಾನೆ. ಪಕ್ಕದ ಮನೆಯವರು ನಾಯಿ ಪ್ರತಿಮೆಯೇ ಸುಲಭ ಅಂತಾರೆ. ಯಾವುದು ಸರಿ?
— ಓದುಗರು, ವಿನೋಬನಗರ, ಶಿವಮೊಗ್ಗ

ಉತ್ತರ: ನಾಯಿ ಪ್ರತಿಮೆ ಇರುವುದು ಶಿಬುಯಾದಲ್ಲಿ, ಅದು ಬೇರೆಯೇ ನಿಲ್ದಾಣ. ಸತ್ತ ಯಜಮಾನನಿಗಾಗಿ ದಿನಾ ಬಂದು ಕಾಯುತ್ತಿದ್ದ ಹಾಚಿಕೊ ಎಂಬ ನಾಯಿಯದು, ಈಗಿರುವ ಪ್ರತಿಮೆ 1948ರದು. ಅದರ ಸುತ್ತ ಹೊತ್ತುಗೊತ್ತಿಲ್ಲದೆ ಜನ. ಸೂಟ್‌ಕೇಸ್ ಹಿಡಿದು ಹೋಗುವ ಜಾಗವಲ್ಲ ಅದು.

‘ಗಿನ್ ನೊ ಸುಜು’ ಎಂಬ ಬೆಳ್ಳಿ ಗಂಟೆ ಟೋಕಿಯೊ ನಿಲ್ದಾಣದ ನೆಲದಡಿಯ ಮೊದಲ ಮಹಡಿಯಲ್ಲಿ, ಯಾಏಸು ಬದಿಯಲ್ಲಿದೆ. 1968ರಿಂದಲೂ ಜನ ಅಲ್ಲಿ ಭೇಟಿಯಾಗುತ್ತಿದ್ದಾರೆ. ಆದರೆ ಅದು ಟಿಕೆಟ್ ಗೇಟಿನ ಒಳಗಿದೆ. ನೀವು ನರಿತಾ ವಿಮಾನ ನಿಲ್ದಾಣದಿಂದ ನರಿತಾ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ನೆಲದಡಿಯ ಐದನೇ ಮಹಡಿಯಲ್ಲಿ ಇಳಿಯುತ್ತೀರಿ, ಗೇಟ್ ದಾಟದೆ ಗಂಟೆಯವರೆಗೆ ಏರಬಹುದು. ಮಗ ಜೆಆರ್, ಅಂದರೆ ಜಪಾನ್ ರೈಲ್ವೆಯ ಗಾಡಿಯಲ್ಲಿ ಬಂದರೆ ಅವನೂ ಒಳಗೇ ಇರುತ್ತಾನೆ. ಮೆಟ್ರೊದಲ್ಲೋ ನಡೆದೋ ಬಂದರೆ ಎರಡು ಗಂಟೆಯ ಪ್ರವೇಶ ಟಿಕೆಟ್ ಕೊಳ್ಳಬೇಕು. ಅದರಲ್ಲಿ ಗಾಡಿ ಹತ್ತುವಂತಿಲ್ಲ. ನೀವು ಬಸ್ಸಿನಲ್ಲಿ ಬಂದರೆ ಇಳಿಯುವುದೇ ಗೇಟಿನ ಹೊರಗೆ, ಗಂಟೆ ಕೆಲಸಕ್ಕೆ ಬಾರದು. ಆಗ ‘ಯಾಏಸು ಸೆಂಟ್ರಲ್ ಗೇಟ್, ಹೊರಬದಿ’ ಎಂದು ಗೊತ್ತು ಮಾಡಿಕೊಳ್ಳಿ. ಗೇಟಿನ ಒಳಗೋ ಹೊರಗೋ ಎಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳದಿದ್ದರೆ, ಮಾರುದೂರದಲ್ಲಿ ಕಾಣುತ್ತಿದ್ದರೂ ಕೈಗೆ ಸಿಗದಂತಾಗುತ್ತದೆ.

ಯಾಏಸು ಒಂದು ಬದಿ, ಮರುನೋಉಚಿ ಇನ್ನೊಂದು ಬದಿ. ಎರಡರಲ್ಲೂ ಉತ್ತರ, ಸೆಂಟ್ರಲ್, ದಕ್ಷಿಣ ಎಂಬ ಗೇಟ್‌ಗಳಿವೆ. ಮರುನೋಉಚಿಯ ಕೆಂಪು ಇಟ್ಟಿಗೆ ಕಟ್ಟಡ ಸುಮಾರು 335 ಮೀಟರ್ ಉದ್ದ, ಎರಡು ತುದಿಯಲ್ಲೂ ಒಂದೇ ರೀತಿಯ ಗುಮ್ಮಟ. ‘ಗುಮ್ಮಟದ ಕೆಳಗೆ’ ಎಂದರೆ ಯಾವ ಗುಮ್ಮಟ? ಉತ್ತರ ಅಥವಾ ದಕ್ಷಿಣ ಎಂಬ ಮಾತು ಸೇರಿಸಲೇಬೇಕು. ಶಿಂಜುಕು ನಿಲ್ದಾಣವನ್ನಂತೂ ಮೊದಲ ದಿನಕ್ಕೆ ಬಿಟ್ಟುಬಿಡಿ. ಅಲ್ಲಿನ ಹೊರದಾರಿಗಳು ಇನ್ನೂರಕ್ಕೂ ಹೆಚ್ಚು.

ಪ್ರಶ್ನೆ: ‘ಮೀಟಿಂಗ್ ಪಾಯಿಂಟ್’ ಫಲಕದ ಕೆಳಗೆ ನಿಂತರೆ ಸಾಕಲ್ಲವೇ?
— ಓದುಗರು, ಶೃಂಗೇರಿ

ಉತ್ತರ: ಫಲಕದ ಬಣ್ಣ ನೋಡಿ. ಹಸಿರು ಹಿನ್ನೆಲೆಯಲ್ಲಿ ನಾಲ್ಕು ಮೂಲೆಯಿಂದ ಬಾಣಗಳು ಜನರ ಗುಂಪಿನ ಕಡೆ ತಿರುಗಿದ್ದರೆ ಅದು ಬೆಂಕಿ ಬಿದ್ದಾಗ, ಅಪಾಯವಾದಾಗ ಜನ ಸೇರಬೇಕಾದ ಜಾಗ. ಸಾಮಾನ್ಯವಾಗಿ ಕಟ್ಟಡದ ಹೊರಗಿರುತ್ತದೆ, ಒಂದಕ್ಕಿಂತ ಹೆಚ್ಚೂ ಇರಬಹುದು. ಪ್ರಯಾಣಿಕರ ಭೇಟಿಯ ಫಲಕ ಬೇರೆ. ಜರ್ಮನ್ ಮಾತಾಡುವ ಕಡೆ ‘ಟ್ರೆಫ್‌ಪುಂಕ್ಟ್’, ಫ್ರಾನ್ಸಿನಲ್ಲಿ ‘ಪ್ವಾಂ ದ ರಾಂಕೋಂತ್ರ್’ ಎಂದು ಬರೆದಿರುತ್ತಾರೆ. ದುರಸ್ತಿ ಕೆಲಸ ನಡೆಯುವಾಗ ಇವೂ ಜಾಗ ಬದಲಿಸುತ್ತವೆ, ಆದ್ದರಿಂದ ಅಲ್ಲಿರುವವರು ಅದೇ ವಾರ ತೆಗೆದ ಫೋಟೊ ಕಳಿಸಲಿ. ಅಂಗಡಿಯ ಹೆಸರನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಒಂದೇ ಕಾಫಿ ಅಂಗಡಿ ಒಂದೇ ನಿಲ್ದಾಣದಲ್ಲಿ ಎರಡು ಮೂರು ಕಡೆ ಇರುತ್ತದೆ.

ಪ್ರಶ್ನೆ: ಅಣ್ಣನ ಸಂಸಾರ ಎಡಿನ್‌ಬರೋದಿಂದ, ತಂಗಿ ಮ್ಯಾಂಚೆಸ್ಟರಿನಿಂದ, ನಾವು ಪ್ಯಾರಿಸ್ ನೋಡಿಕೊಂಡು ಯೂರೋಸ್ಟಾರ್‌ನಲ್ಲಿ ಲಂಡನ್ನಿಗೆ ಬರುತ್ತೇವೆ. ಒಬ್ಬರು ಕಿಂಗ್ಸ್ ಕ್ರಾಸ್ ಅಂತಾರೆ, ಇನ್ನೊಬ್ಬರು ಸೇಂಟ್ ಪ್ಯಾಂಕ್ರಸ್ ಅಂತಾರೆ. ಎರಡೂ ಒಂದೆಯೋ?
— ಓದುಗರು, ಕೊಪ್ಪ

ಉತ್ತರ: ಒಂದಲ್ಲ, ನಡುವೆ ಒಂದು ರಸ್ತೆ ಇದೆ. ನೆಲದಡಿಯ ಮೆಟ್ರೊ ನಿಲ್ದಾಣ ಮಾತ್ರ ಎರಡಕ್ಕೂ ಸೇರಿ ಒಂದೇ, ಗೊಂದಲ ಅದರಿಂದಲೇ. ಎಡಿನ್‌ಬರೋ ಗಾಡಿ ಕಿಂಗ್ಸ್ ಕ್ರಾಸ್‌ಗೆ, ನಿಮ್ಮ ಯೂರೋಸ್ಟಾರ್ ಸೇಂಟ್ ಪ್ಯಾಂಕ್ರಸ್‌ಗೆ, ಮ್ಯಾಂಚೆಸ್ಟರ್ ಗಾಡಿ ಇವೆರಡೂ ಅಲ್ಲದ ಯೂಸ್ಟನ್‌ಗೆ ಬರುತ್ತದೆ. ಯೂಸ್ಟನ್‌ನಿಂದ ಮುಖ್ಯ ರಸ್ತೆ ಹಿಡಿದು ಹದಿನೈದು ನಿಮಿಷದೊಳಗೆ ನಡೆದು ಬರಬಹುದು. ಸಾಮಾನು ಹೆಚ್ಚಿರುವವರು ನೀವು, ಆದ್ದರಿಂದ ಉಳಿದಿಬ್ಬರು ನಿಮ್ಮಲ್ಲಿಗೆ ಬರಲಿ.

ಸೇಂಟ್ ಪ್ಯಾಂಕ್ರಸ್‌ನಲ್ಲಿ ಎಲ್ಲರೂ ಹೇಳುವ ಗುರುತು, ದೊಡ್ಡ ಗಡಿಯಾರದ ಕೆಳಗೆ ಅಪ್ಪಿಕೊಂಡು ನಿಂತ ಗಂಡು-ಹೆಣ್ಣಿನ ಒಂಬತ್ತು ಮೀಟರ್ ಎತ್ತರದ ಕಂಚಿನ ಪ್ರತಿಮೆ. 2007ರಲ್ಲಿ ನಿಲ್ಲಿಸಿದ್ದು, ದೂರದಿಂದಲೇ ಕಾಣುತ್ತದೆ. ಆದರೆ ಅದು ಮೇಲಿನ ಮಹಡಿಯಲ್ಲಿದೆ, ಯೂರೋಸ್ಟಾರ್ ಪ್ರಯಾಣಿಕರು ಹೊರಬರುವುದು ಕೆಳಗಿನ ಮಹಡಿಯ ಅಂಗಡಿ ಸಾಲಿಗೆ. ಮೊಣಕಾಲು ನೋವಿನವರು ಯಾರಾದರೂ ಇದ್ದರೆ ಪ್ರತಿಮೆಯ ಆಸೆ ಬಿಟ್ಟು ಕೆಳಗೆ ಯೂರೋಸ್ಟಾರ್ ಆಗಮನದ ಬಾಗಿಲ ಎದುರೇ ಸೇರಿ. ಅಣ್ಣನ ಮಕ್ಕಳು ಕಿಂಗ್ಸ್ ಕ್ರಾಸ್‌ನಲ್ಲಿರುವ ಹ್ಯಾರಿ ಪಾಟರ್ ಕತೆಯ ಪ್ಲಾಟ್‌ಫಾರ್ಮ್ 9¾ ಫಲಕದ ಹತ್ತಿರ ಸೇರೋಣ ಎಂದು ಹಟ ಹಿಡಿದರೆ ಒಪ್ಪಬೇಡಿ, ಅಲ್ಲಿ ಫೋಟೊಕ್ಕೆ ಸಾಲು ನಿಂತಿರುತ್ತದೆ.

ಪ್ರಶ್ನೆ: ಫೋನ್ ಕೈಕೊಟ್ಟರೆ ಏನು ಮಾಡುವುದು? ನೆನೆದರೇ ಎದೆ ಹೊಡೆದುಕೊಳ್ಳುತ್ತದೆ.
— ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ಫೋನ್ ಕೈಕೊಡುವುದು ಅಪರೂಪವಲ್ಲ. ಅದಿಲ್ಲದೆಯೂ ನಡೆಯುವಂಥ ಏರ್ಪಾಡನ್ನು ಊರು ಬಿಡುವ ಮೊದಲೇ ಮಾಡಿಕೊಳ್ಳಿ.

ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ: ನಿಲ್ದಾಣದ ಪೂರ್ಣ ಹೆಸರು ಆ ದೇಶದ ಲಿಪಿಯಲ್ಲಿ, ಭೇಟಿಯ ಜಾಗ, ಮಹಡಿ, ಗೇಟಿನ ಒಳಗೋ ಹೊರಗೋ, ಮಗ ಅಥವಾ ಮಗಳ ನಂಬರ್ ದೇಶದ ಕೋಡ್ ಸಮೇತ, ಮನೆಯ ವಿಳಾಸ. ಎರಡು ಪ್ರತಿ ಮಾಡಿ ಒಂದೊಂದು ಜೇಬಿನಲ್ಲಿಟ್ಟುಕೊಳ್ಳಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ. ಮೊದಲ ಜಾಗದಲ್ಲಿ ಅರ್ಧ ಗಂಟೆ ಕಾದರೂ ಯಾರೂ ಬರದಿದ್ದರೆ ಎರಡನೇ ಜಾಗ ಯಾವುದೆಂದು ಅದರಲ್ಲೇ ಇರಲಿ. ಸಿಬ್ಬಂದಿ ಕೂತಿರುವ ಮಾಹಿತಿ ಕೌಂಟರ್ ಆದರೆ ಉತ್ತಮ, ಚೀಟಿ ತೋರಿಸಿದರೆ ಕರೆ ಮಾಡಿಕೊಡಿ ಎಂದು ಕೇಳಬಹುದು. ಇಬ್ಬರೂ ಒಟ್ಟಿಗೆ ಹುಡುಕಲು ಹೊರಡಬೇಡಿ, ಸಾಮಾನನ್ನು ಬಿಟ್ಟಂತೂ ಹೋಗಲೇಬೇಡಿ. ಯಾರೂ ಇಲ್ಲದ ಚೀಲ ಕಂಡರೆ ಅಲ್ಲಿ ಪೊಲೀಸರನ್ನು ಕರೆಯುತ್ತಾರೆ, ನಿಮ್ಮ ಮಿಡಿ ಉಪ್ಪಿನಕಾಯಿಗಾಗಿ ಪ್ಲಾಟ್‌ಫಾರ್ಮನ್ನೇ ಖಾಲಿ ಮಾಡಿಸಬಹುದು.

ಫೋನಿನ ವಿಷಯದಲ್ಲಿ ಮೂರು ಕಡೆ ಎಡವುತ್ತಾರೆ. ನಿಲ್ದಾಣದ ಉಚಿತ ವೈಫೈ ಕೆಲವು ಕಡೆ ಎಸ್‌ಎಂಎಸ್‌ನಲ್ಲಿ ಒಟಿಪಿ ಕಳಿಸುತ್ತದೆ, ರೋಮಿಂಗ್ ಇಲ್ಲದ ನಮ್ಮ ಸಿಮ್‌ಗೆ ಅದು ಬಾರದು. ರೋಮಿಂಗ್ ಇಲ್ಲೇ ಹಾಕಿಸಿಕೊಂಡು ಹೋಗಿ. ವಾಟ್ಸಾಪ್ ಲೊಕೇಶನ್ ಮಹಡಿಯನ್ನು ತೋರಿಸುವುದಿಲ್ಲ, ನೆಲದಡಿಯಲ್ಲಿ ಜಾಗವನ್ನೂ ತಪ್ಪಾಗಿ ತೋರಿಸುತ್ತದೆ. ಅದರ ಬದಲು ನಿಮ್ಮ ತಲೆಯ ಮೇಲಿರುವ ಫಲಕದ ಫೋಟೊ ಕಳಿಸಿ. ಮೂರನೆಯದು ಸಮಯ. ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆ. ಬ್ರಿಟನ್ ಅದಕ್ಕಿಂತ ಇನ್ನೊಂದು ಗಂಟೆ ಹಿಂದೆ. ಜಪಾನ್ ವರ್ಷವಿಡೀ ಮೂರೂವರೆ ಗಂಟೆ ಮುಂದೆ. ಮಾತಾಡುವಾಗ ಅಲ್ಲಿನ ಸಮಯವನ್ನೇ ಹೇಳಿ, ಅದೂ 24 ಗಂಟೆಯ ಲೆಕ್ಕದಲ್ಲಿ. ‘ಏಳೂವರೆ’ ಬೇಡ, ‘19:30’ ಎನ್ನಿ.

ಪ್ರಶ್ನೆ: ಜ್ಯೂರಿಕ್‌ನಿಂದ ಪ್ಯಾರಿಸ್‌ಗೆ ಹೋಗುವ ಟಿಕೆಟ್‌ನಲ್ಲಿ ‘ಗಾರ್ ದ ಲಿಯೋಂ’ ಎಂದಿದೆ. ನಾವು ಲಿಯೋಂ ಊರಿಗೆ ಹೋಗುವುದಲ್ಲ!
— ಓದುಗರು, ಹೊಸನಗರ

ಉತ್ತರ: ಗಾಬರಿ ಬೇಡ, ಅದು ಪ್ಯಾರಿಸ್‌ನದೇ ನಿಲ್ದಾಣ. ಅಲ್ಲಿ ಹಜಾರ 1ರ ಪ್ಲಾಟ್‌ಫಾರ್ಮ್‌ಗಳಿಗೆ ಅಕ್ಷರ, ಹಜಾರ 2ರಲ್ಲಿ ಅಂಕಿ. ಎರಡೂ ಕಡೆ ಹಳಿ ಕೊನೆಯಾಗುವುದರಿಂದ ಇಳಿದು ತುದಿಗೆ ಬಂದು ನಿಂತು, ನೀವು ನೋಡಿದ ಅಕ್ಷರವನ್ನೋ ಅಂಕಿಯನ್ನೋ ಹೇಳಿದರೆ ಸಾಕು, ಹಜಾರ ಯಾವುದೆಂದು ಅವರಿಗೆ ತಿಳಿಯುತ್ತದೆ. ಮುಂದೆ ಲಂಡನ್ ಗಾಡಿ ಹಿಡಿಯುವುದಾದರೆ ಅದು ಗಾರ್ ದು ನೋರ್‌ನಿಂದ ಹೊರಡುತ್ತದೆ. ಆರ್‌ಇಆರ್ ಡಿ ಎಂಬ ಲೋಕಲ್ ಗಾಡಿಯಲ್ಲಿ ಎರಡನೇ ಸ್ಟಾಪ್.

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಅಳಿಯಂದಿರು ‘ಗಡಿಯಾರಗಳ ಕೆಳಗೆ’ ಎಂದಷ್ಟೇ ಹೇಳಿದ್ದಾರೆ.
— ಓದುಗರು, ಭದ್ರಾವತಿ

ಉತ್ತರ: ಆ ಊರಿನವರಿಗೆ ಅಷ್ಟು ಹೇಳಿದರೆ ಸಾಕು. ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದಲ್ಲಿ ಸ್ವಾನ್‌ಸ್ಟನ್ ಸ್ಟ್ರೀಟ್ ಮೂಲೆಯ ಬಾಗಿಲ ಮೇಲೆ ಗಡಿಯಾರಗಳ ಸಾಲಿದೆ, ಅದರ ಕೆಳಗಿನ ಮೆಟ್ಟಿಲೇ ಭೇಟಿಯ ಜಾಗ. ಗೇಟಿನ ಹೊರಗಿದೆ, ಟಿಕೆಟ್ ಬೇಡ. ಆದರೆ ನಿಲ್ದಾಣಕ್ಕೆ ಬೇರೆ ಬಾಗಿಲುಗಳೂ ಇವೆ. ವಿಮಾನ ನಿಲ್ದಾಣದ ಸ್ಕೈಬಸ್ ಇಲ್ಲಿಗೆ ಬರುವುದಿಲ್ಲ, ಸದರ್ನ್ ಕ್ರಾಸ್ ಎಂಬ ಇನ್ನೊಂದು ನಿಲ್ದಾಣಕ್ಕೆ ಹೋಗುತ್ತದೆ. ಬಸ್ಸಿನಲ್ಲಿ ಬರುವುದಾದರೆ ಅಳಿಯಂದಿರಿಗೆ ಅಲ್ಲಿಗೇ ಬರಲು ಹೇಳಿ.